ಹೆಪ್ಪು

ವಾಡಿ ಜಂಕ್ಷನ್ನಿನ ಹಿಂದಿನ ಓಣಿ.
ಎಷ್ಟು ಒರೆಸಿದರೂ ಫರಸಿಯ ಮೇಲೆ
ಸಿಮೆಂಟಿನ ಸಣ್ಣ ಧೂಳು.
ಐಸ್ ಡಬ್ಬಿ ಇಳಿಸಿ, ಚಪ್ಪಲಿ ಹೊರಗೆ ಬಿಟ್ಟು
ಗೋಡೆಗೆ ಒರಗಿದ ದಸ್ತಗೀರಸಾಬರ ಎದುರು ಕೂತೆ.

ಮೂರು ಶಬ್ದ ಹೇಳತೀನಿ ಚಾಚಾ, ನೆನಪಿಡ್ರಿ.
ಸೂಜಿ. ಜ್ವಾಳ. ಕಂದೀಲು.
ಆಮ್ಯಾಲ ಕೇಳತೀನಿ.

ಈ ಮೂರು ಶಬ್ದಕ್ಕೆ ನಮಗೆ ಎರಡು ವರ್ಷ ಹಿಡಿದಿತ್ತು.
ಹೊರಗಿನಿಂದ ಬಂದ ಹಾಳೆಯಲ್ಲಿ
ಘೇಂಡಾಮೃಗ ಇತ್ತು, ಪಿಯಾನೋ ಇತ್ತು.
ಆಳಂದದ ಅಜ್ಜಿಯೊಬ್ಬಳು ಪಿಯಾನೋ ನೋಡಿ
"ಸಂದೂಕ, ಹಲ್ಲು ಬಂದಾವ" ಅಂದಿದ್ದಳು.
ಸೊನ್ನೆ ಬರೆಯಲು ನನ್ನ ಕೈ ಬರಲಿಲ್ಲ.
ಓದು ಬಾರದ್ದು ಮರೆವಲ್ಲ ಅಂತ
ಮೊದಲು ಕಾಗದಕ್ಕೆ ಕಲಿಸಬೇಕಾಯಿತು.
ಕನ್ನಡಕ್ಕೊಂದು, ದಖನಿಗೊಂದು,
ಸೇಡಂ ಕಡೆಯ ತೆಲುಗಿಗೊಂದು ಹಾಳೆ ಮಾಡಿ
ಕೊನೆಗೆ ಕೆಳಗೆ ಬರೆದೆವು:
ಯಾರು ಬೇಕಾದರೂ ಬಳಸಬಹುದು.

ಚಾಚಾ ಮೂವತ್ತೊಂದು ವರ್ಷ ಪಾಯಿಂಟ್ಸ್‌ಮನ್.
ಸೊಲ್ಲಾಪುರದ ಗಾಡಿ ಸೊಲ್ಲಾಪುರಕ್ಕೆ,
ಸಿಕಂದರಾಬಾದಿನದು ಸಿಕಂದರಾಬಾದಿಗೆ,
ಒಂದು ದಿನವೂ ತಪ್ಪಿಸಿದವರಲ್ಲ.
ಈಗ ಬಚ್ಚಲಿಗೆ ಹೊರಟವರು
ಅಡುಗೆಮನೆಯಲ್ಲಿ ನಿಂತುಬಿಡುತ್ತಾರೆ,
ಕಾಣದ ಲಿವರ್ ಒಂದನ್ನು ಬಲಗೈಲಿ ಹಿಡಿದು.
"ಹಂಗ ನಿಂತಾಗ ಮಾತಾಡಸಬ್ಯಾಡ್ರಿ," ಅಂದರು ಚಾಂದಬೀ,
"ಗಾಡಿ ದಾಟಿ ಹೋಗೂತನಕ."

ಇವತ್ತು ಯಾವ ವಾರ? ನಕ್ಕರು.
ಇದು ಯಾವ ಊರು? "ಟೇಸನ್."
ಸರಿ ಅಂತ ಬರೆಯಲೋ, ತಪ್ಪು ಅಂತಲೋ.
ಮೂರು ಶಬ್ದ?
ಟಿಕೀಟು ಎಲ್ಲಿಟ್ಟೆನೆಂದು
ಜೇಬು ಜೇಬು ತಡವುವವರ ಹಾಗೆ
ನನ್ನ ಮುಖ ನೋಡಿದರು.

ಒಪ್ಪಿಗೆಯ ಕಾಗದ ಓದಿ ಹೇಳಿದೆ.
ರಕ್ತ ಕಲಬುರಗಿಗೆ ಹೋಗತದ.
ಅಲ್ಲಿಂದ ದೊಡ್ಡದೊಂದು ತಿಜೋರಿಗೆ, ಬರ್ಫಕ್ಕಿಂತ ಥಂಡಿ.
ಅದರ ಕಣ ಬೆಳಸತಾರ.
ಕಾರಣ ಸರಿ ಇದ್ರ, ಯಾವ ದೇಶದವರು ಕೇಳಿದ್ರೂ ಕೊಡತಾರ.
ಹೆಸರು ತಗದ ಬಿಡತೀವಿ. ಬರೇ ನಂಬರು.

"ಹೆಸರು ಅವರೇ ಅರ್ಧ ತಗದಾರ."
ಚಾಂದಬೀ ನಗಲಿಲ್ಲ.
"ನಮಗೇನ್ ಬರತದ ತಿರುಗಿ?"

ಏನೂ ಇಲ್ಲ.
ಇದನ್ನು ಹೇಳಬೇಕೆಂದು ತರಬೇತಿಯಲ್ಲಿ ಕಲಿಸುತ್ತಾರೆ.
ಹೇಳುವಾಗ ಎಲ್ಲಿ ನೋಡಬೇಕೆಂದು ಕಲಿಸುವುದಿಲ್ಲ.
ನಾನು ಡಬ್ಬಿಯ ಮುಚ್ಚಳ ನೋಡಿದೆ.
ಚಾಚಾಗ ಆಗಂಗಿಲ್ಲ, ಚಾಚಿ.
ಮುಂದ ಯಾರಿಗರ. ಆದ್ರ.

ಫ್ಯಾನು ತಿರುಗುತ್ತಿತ್ತು.
ಬಾಗಿಲಲ್ಲಿ ಪಕ್ಕದ ಮನೆಯ ಹುಡುಗಿ, ಕೈಯಲ್ಲಿ ಲೋಟ:
"ಚಾಚಿ, ಅವ್ವ ಹೆಪ್ಪು ಕೇಳ್ಯಾಳ."
ಎದ್ದು ಹೋಗಿ ಒಂದು ಚಮಚೆ ಮೊಸರು ಹಾಕಿ ಕಳಿಸಿ
ಸೆರಗಿಗೆ ಕೈ ಒರೆಸುತ್ತ ಬಂದು ಕೂತರು.

"ಈ ಹೆಪ್ಪು ನನ್ನ ಲಗ್ನದ ವರ್ಷ
ಗುರುಮಠಕಲ್ಲಿಂದ ಬಂದದ್ದು, ನಮ್ಮತ್ತಿದು.
ಎರಡ ಸರ್ತಿ ಕೆಟ್ಟ ಹೋಯ್ತು.
ಎರಡೂ ಸರ್ತಿ ಇದೇ ಓಣ್ಯಾಗ ಇಸಕೊಂಡೆ.
ಈಗ ಯಾರದು ಯಾರ ಗಡಗ್ಯಾಗ ಅದನೋ."

ಮತ್ತೇನೂ ಹೇಳಲಿಲ್ಲ.
ಮಸಿ ಡಬ್ಬಿ ಎಳೆದುಕೊಂಡು ಹೆಬ್ಬೆಟ್ಟು ಒತ್ತಿದರು.
ತಗೋಳ್ಲ್ಯಾ ಚಾಚಾ, ಅಂದೆ.
ತೋಳನ್ನು ಅವರೇ ಮುಂದೆ ಮಾಡಿದರು,
ಹಸಿರು ನಿಶಾನೆ ತೋರಿದಷ್ಟು ನೇರವಾಗಿ.

ಸಂಜೆಯ ಪ್ಯಾಸೆಂಜರು. ತೊಡೆಯ ಮೇಲೆ ಡಬ್ಬಿ,
ಅದರೊಳಗೆ ಸೊನ್ನೆ ನಾಲ್ಕು ಒಂದು ಏಳು.
ಎಲ್ಲೋ ಯಾರೋ ಈ ನಂಬರು ಕೇಳುತ್ತಾರೆ ಒಂದು ದಿನ;
ಗಾಡಿ ದಾಟುವ ತನಕ ಮಾತಾಡಿಸಬಾರದೆಂದು
ಅವರಿಗೆ ಯಾರು ಹೇಳಬೇಕು?
ಆ ಕಲಂ ನಮ್ಮ ಹಾಳೆಯಲ್ಲಿಲ್ಲ.

ಕಡಕಡ ಅಂತ ಗಾಡಿ ಲೈನು ಬದಲಿಸಿತು.
ಸುಮ್ಮನೆ, ಡಬ್ಬಿಗೆ ಕೇಳುವಷ್ಟು ಮೆಲ್ಲಗೆ ಅಂದೆ:
ಸೂಜಿ. ಜ್ವಾಳ.

ಶಹಾಬಾದ ಬಂತು, ಹೋಯಿತು.
ಕಿಟಕಿಯಲ್ಲಿ ನನ್ನದೇ ಮುಖ.
ಮೂರನೆಯದು
ಮರತೂರು ದಾಟಿದ ಮೇಲೆ ನೆನಪಾಯಿತು.