ಇಪ್ಪತ್ತಾರನೇ ಪುಟ

ಅರಸೀಕೆರೆ. ಗೂಡ್ಸ್ ಶೆಡ್ಡಿನ ಹಿಂದೆ ಮುಚ್ಚಿಹೋದ ಕ್ಯಾಂಟೀನು.
ಏಳು ಜನ, ನಾಲ್ಕು ಕುರ್ಚಿ, ಒಂದು ಫ್ಲಾಸ್ಕು ಟೀ,
ಜೆರಾಕ್ಸಿನ ಮಸಿ ಇನ್ನೂ ಬೆರಳಿಗಂಟುವ ನಾಟಕ.
ನಾನು ಹೇಳಿದ್ದೆ: ಓದಿಕೊಂಡು ಬನ್ನಿ,
ಒಬ್ಬೊಬ್ಬರು ಒಂದೇ ಒಂದು ಮಾತು ಆರಿಸಿ ತನ್ನಿ.
ಅದರ ಮೇಲೆ ರಂಗ ಕಟ್ಟೋಣ.
ಬಣ್ಣ, ಬೆಳಕು, ಬಟ್ಟೆ,
ಕೊನೆಗೆ ಕುರ್ಚಿ ಎಲ್ಲಿಡಬೇಕೆನ್ನುವುದೂ
ಆ ಮಾತನ್ನೇ ಕೇಳಿ.

ಪಾರ್ಸೆಲ್ ಆಫೀಸಿನ ಚೆಲುವಯ್ಯ ಎದ್ದು ನಿಂತೇ ಓದಿದರು,
ಮೂರನೇ ಅಂಕ, ದೊರೆಯ ಮಾತು:
"ನಾನು ಗೆದ್ದ ನೆಲದಲ್ಲಿ ನನ್ನ ಹೆಜ್ಜೆಗೇ ಜಾಗವಿಲ್ಲ."
ಚಪ್ಪಾಳೆಗೆಂದು ಒಂದು ಕ್ಷಣ ಕಾದರು.
ಬಂದದ್ದು ಹುಬ್ಬಳ್ಳಿ ಪ್ಯಾಸೆಂಜರ್.
ಅದು ದಾಟುವ ತನಕ ಇಲ್ಲಿ ಯಾರೂ ಮಾತಾಡುವುದಿಲ್ಲ,
ಬಾಯಿ ತೆರೆದಿದ್ದರೆ ತೆರೆದ ಹಾಗೇ ಇರುತ್ತೇವೆ.

ಆಮೇಲೆ ಲೆಕ್ಕ. ಆ ಮಾತಿಗೆ ಸಿಂಹಾಸನ ಬೇಕು,
ಸಿಂಹಾಸನಕ್ಕೆ ಮೆಟ್ಟಿಲು, ಮೆಟ್ಟಿಲಿಗೆ ಕೆಂಪು ಜಮಖಾನ,
ಜಮಖಾನಕ್ಕೆ ಶಾಮಿಯಾನದವರ ಕಾಲು ಹಿಡಿಯಬೇಕು.
ದರ್ಜಿ ಇನಾಯತ್ ರಾಣಿಯ ಮಾತು ತಂದಿದ್ದ:
"ಈ ಸೆರಗಿಗೆ ಯುದ್ಧದ ವಾಸನೆ ಹತ್ತಿದೆ, ಒಗೆಯಬೇಡಿ."
ಚೆನ್ನಾಗಿತ್ತು. ನಿಜವಾಗಿ ಚೆನ್ನಾಗಿತ್ತು.
ಒಂದು ಸೀರೆಗೆ ಸಾಲುತ್ತಿತ್ತು, ಒಂದು ನಾಟಕಕ್ಕಲ್ಲ.
ಕೊಬ್ಬರಿ ಮಂಡಿಯ ಗುಮಾಸ್ತ ಓಂಕಾರಮೂರ್ತಿ
ಹನ್ನೊಂದು ಮಾತಿಗೆ ಗೆರೆ ಎಳೆದು ತಂದಿದ್ದರು.
"ಯಾವುದನ್ನ ಬಿಡ್ಲಿ ಮೇಡಂ, ಎಲ್ಲಾ ಒಂದನೇ ದರ್ಜೆ ಮಾಲು."

ನನ್ನದು ನನ್ನ ಬ್ಯಾಗಿನೊಳಗಿತ್ತು,
ಮೂರು ವಾರದಿಂದ ಸಾಕಿದ ಮಾತು.
ಎಲ್ಲರೂ ಸೋತ ಮೇಲೆ ತೆಗೆಯೋಣವೆಂದು ಇಟ್ಟುಕೊಂಡಿದ್ದೆ,
ಇಸ್ಪೀಟಿನ ಕೊನೇ ಎಲೆಯ ಹಾಗೆ.

ಮೂಲೆಯಿಂದ ಇಂಚರ ಕೈ ಎತ್ತಿದಳು.
ಸೆಕೆಂಡ್ ಪಿಯುಸಿ. ದಾಸಿಯ ಪಾತ್ರ. ಇದ್ದದ್ದೇ ಒಂದು ಮಾತು.
"ಅಗುಳಿ ಹಾಕಿಲ್ಲ ದೊರೆ, ಬರೀ ಒರಗಿಸಿದೆ."
ಎಲ್ಲಿದೆ ಇದು, ಎಂದರು ಚೆಲುವಯ್ಯ ಹಾಳೆ ಮಗುಚುತ್ತ.
"ಇಪ್ಪತ್ತಾರನೇ ಪುಟ, ಗೀಟಿನ ಕೆಳಗಿದೆ ಸಾರ್.
ಮೇಡಂ ಹೊಡೆದುಹಾಕಿದ್ದಾರೆ."

ಹೌದು. ಕೆಂಪು ಪೆನ್ಸಿಲ್ಲಿನ ಅಡ್ಡಗೆರೆ,
ಪಕ್ಕದಲ್ಲಿ ನನ್ನದೇ ಅಕ್ಷರ: ಬೇಡ.
ಜೆರಾಕ್ಸಿನಲ್ಲಿ ಕೆಂಪೂ ಕಪ್ಪಾಗಿತ್ತು.

ಯಾರೂ ಏನೂ ಅನ್ನಲಿಲ್ಲ. ಈ ಸಲ ರೈಲೂ ಬರಲಿಲ್ಲ.
ಮೂರು ಅಂಕದುದ್ದಕ್ಕೂ ದೊರೆ ತನ್ನ ಅರಮನೆಯ ಹೊರಗೇ ನಿಂತು
ಸೈನ್ಯ ಕರೆಸುತ್ತಾನೆ, ಆನೆ ಕರೆಸುತ್ತಾನೆ,
ಶಾಪ ಹಾಕುತ್ತಾನೆ, ಅಳುತ್ತಾನೆ.
ಒಮ್ಮೆಯೂ ತಳ್ಳಿ ನೋಡುವುದಿಲ್ಲ.
ಒಂದು ಹುಡುಗಿ ಹೇಳುತ್ತಾಳೆ, ಇಪ್ಪತ್ತಾರನೇ ಪುಟದಲ್ಲೇ.
ಅವನು ಕೇಳಿಸಿಕೊಳ್ಳಲಿಲ್ಲ.
ನಾನೂ.

"ಹಂಗಾದ್ರೆ ಬೆಳಕು ಎಷ್ಟು ಬೇಕು?" ಲೈನ್‌ಮನ್ ಅಂತೋಣಿ ಕೇಳಿದ,
ನನ್ನನ್ನಲ್ಲ, ಅವಳನ್ನು.
ಇಂಚರ ಎರಡು ಬೆರಳಿನ ನಡುವೆ ಸಂದಿ ಮಾಡಿ ತೋರಿಸಿದಳು.
"ಇಷ್ಟೇ. ಆದ್ರೆ ಕೊನೇವರೆಗೂ ಇರ್ಬೇಕು."
ಇನಾಯತ್ ಟೇಪು ಬಿಚ್ಚಿ, ಇಲ್ಲದ ಬಾಗಿಲನ್ನೇ ಅಳೆದ:
ಸೆರಗಿನ ತುದಿ ಆ ಸಂದಿಯಿಂದ ಹೊರಗೆ ಬಂದಿರಲಿ,
ದೊರೆ ಅದನ್ನ ತುಳಿದುಕೊಂಡೇ ಭಾಷಣ ಮಾಡಲಿ.
ಓಂಕಾರಮೂರ್ತಿಗೆ ಗೊತ್ತಿತ್ತು, ಹಳೇ ಕ್ವಾರ್ಟರ್ಸ್ ಕೆಡವುತ್ತಿದ್ದಾರೆ,
ತೇಗದ ಬಾಗಿಲು, ಚೌಕಟ್ಟು ಸಮೇತ, ಕೇಳಿದರೆ ಕೊಟ್ಟಾರು.
ಸಿಂಹಾಸನವೇ ಇಲ್ಲದ ದೊರೆಯಾ? ಚೆಲುವಯ್ಯನವರ ಮುಖ ಚಿಕ್ಕದಾಯಿತು.
ಟೀ ಕುಡಿದರು. ಲೋಟ ಕೆಳಗಿಟ್ಟು ಕ್ಯಾಂಟೀನಿನ ಬಾಗಿಲಿಗೆ ಬೆನ್ನು ಕೊಟ್ಟು
ಅದೇ ಮಾತನ್ನು ಮತ್ತೆ ಹೇಳಿದರು, ಮೆಲ್ಲಗೆ:
ನನ್ನ ಹೆಜ್ಜೆಗೇ ಜಾಗವಿಲ್ಲ.
ಬಾಗಿಲು ಒಂದಿಷ್ಟು ಹಿಂದಕ್ಕೆ ಹೋಯಿತು.
ಅವರಿಗೆ ಗೊತ್ತಾಗಲಿಲ್ಲ.

ನನ್ನ ಎಲೆ ಬ್ಯಾಗಿನಲ್ಲೇ ಉಳಿಯಿತು.
ರಾತ್ರಿ ಮನೆಯಲ್ಲಿ ರಬ್ಬರು ಹಿಡಿದು ಕೂತೆ,
"ಬೇಡ"ದ ಡ ಅಳಿಸಿ ಅಲ್ಲಿ ಕು ಬರೆಯೋಣವೆಂದು.
ಉಜ್ಜಿ ಉಜ್ಜಿ ಹಾಳೆ ಹರಿಯಿತು.
ಈಗ ಅಲ್ಲೊಂದು ತೂತು,
ಇಪ್ಪತ್ತೇಳನೇ ಪುಟ ಒಂಚೂರು ಕಾಣುತ್ತದೆ.