ಖಾಲಿ ಮೊರ

ರಾತ್ರಿ ಎರಡೂ ಹತ್ತಕ್ಕೆ ಫೋನು.
ಕಪನೂರಿನ ಬೇಳೆ ಮಿಲ್ಲಿನಿಂದ ಲಾಡ್ಲೇಸಾಬ:
"ಸರ, ಮಷಿನ್ ಕಣ್ಣು ಮುಚ್ಯಾದ."

ಹೋಗಿ ನೋಡಿದೆ.
ಹದಿನಾರು ಕ್ಯಾಮೆರಾ. ಒಂದೊಂದು ತೊಗರಿಗೂ ಒಂದೊಂದು ಚಿತ್ರ ಹಿಡಿದು
ಕರಿದೋ, ಹುಳುಕೋ, ಹರಳೋ ಎಂದು
ರೆಪ್ಪೆ ಬಡಿಯುವುದರೊಳಗೆ ತೀರ್ಪು ಕೊಡುತ್ತಿದ್ದವು.
ಈಗ ಗಾಳಿ ಊದುವ ಕೊಳವೆಗಳೂ ಸುಮ್ಮನೆ.
ಬೆಲ್ಟಿನ ಮೇಲೆ ಬೇಳೆ
ಅರ್ಧಕ್ಕೆ ನುಂಗಿದ ಮಾತಿನ ಹಾಗೆ.

ಲಾಗು ಬಿಚ್ಚಿದೆ. ಕೊನೆಯ ಸಾಲು:
ವಿಳಾಸ ಸೊನ್ನೆ. ಓದಲು ಹೋದೆ. ಸತ್ತೆ.
(ಅದು ಇಷ್ಟು ಚೆಂದ ಹೇಳಿರಲಿಲ್ಲ,
ಕನ್ನಡ ಮಾಡಿಕೊಂಡವನು ನಾನು.)

ಆಗಿದ್ದಿಷ್ಟೇ. ಎರಡು ಚೀಲಗಳ ನಡುವೆ
ಹಾಪರು ಬರಿದಾಗಿ ಒಂದು ಚಿತ್ರ ಬಂತು.
ಚಿತ್ರವೂ ಅಲ್ಲ, ಬರೀ ಅದರ ಹೆಸರು:
ಉದ್ದ ಇಲ್ಲ, ಅಗಲ ಇಲ್ಲ, ಕಾಳಂತೂ ಇಲ್ಲವೇ ಇಲ್ಲ.
ಲಕ್ಷಾಂತರ ಕಾಳು ನೋಡಿ ಪಳಗಿದ ಲೈಬ್ರರಿ
ಮನೆ ಇದ್ದೇ ಇರುತ್ತದೆಂದು ನಂಬಿ
ಓಣಿಯೇ ಇಲ್ಲದ ಕಡೆ ಕದ ತಟ್ಟಿತು.

ನನಗೆ ಚಳಿ ಹುಟ್ಟಿದ್ದು ಆಮೇಲೆ.
ಇದೇ ಲೈಬ್ರರಿ ಶಹಾಬಾದ ರಸ್ತೆಯ ಮಿಲ್ಲಿನಲ್ಲೂ ಇದೆ,
ದವಾಖಾನೆಯಲ್ಲಿ ಎಕ್ಸರೇ ಓದುವ ಡಬ್ಬಿಯಲ್ಲೂ.
ಬೇಕಂತಲೇ ಯಾರೋ ಒಬ್ಬ
ಇಂಥ ಒಂದು ಖಾಲಿ ಚಿತ್ರ ಕಳಿಸಿದರೆ ಸಾಕು.
ಒಂದು ಕಾಳೂ ಕದಿಯಲಾರ,
ಕೀಲಿ ಮುರಿಯಬೇಕಿಲ್ಲ,
ಎಲ್ಲವನ್ನೂ ನಿಲ್ಲಿಸಬಲ್ಲ.

ಮೂಲೆಯಲ್ಲಿ ಜಗದೇವಿ,
ಮಷಿನ್ ನಿಂತ ರಾತ್ರಿ ಮಾತ್ರ ಕರೆ ಬರುವವಳು,
ಬೇಳೆ ಹಸನು ಮಾಡಲು ಮೊರ ಹಿಡಿದು ಕೂತಿದ್ದಳು.
ಏನಾಗ್ಯಾದ ಅಂದಳು. ಹೇಳಿದೆ.
ಸೆರಗಿನಿಂದ ಬಾಯಿ ಒರೆಸಿಕೊಂಡು ನಕ್ಕಳು:

"ಖಾಲಿ ಮೊರ ಕೈಯಾಗ ಕೊಟ್ರ
ನಾವೇನು ಸಾಯ್ತೀವೇನ್ರಿ?
ಬೋರಲ ಹಾಕಿ ಕುಂದರತೀವಿ,
ಕಾಳ ಬರೋತನ."

ಮೂರೂವರೆಗೆ ಒಂದು ಸಾಲು ಸೇರಿಸಿದೆ.
ಮುಟ್ಟೋಕಿನ ಮೊದಲ ಕೇಳು, ಒಳಗ ಏನರೆ ಅದೇನು?
ಇಲ್ಲಂದ್ರ ಕುಂದರು.
ಲೈಬ್ರರಿ ಬರೆದವರಿಗೂ ಕಳಿಸಿದೆ. ಎಲ್ಲಿಯವರೋ,
ಅಲ್ಲಿ ಆಗ ಹಗಲಿತ್ತೋ ಏನೋ.
ದೋಷ ಹೇಗೆ ಸಿಕ್ಕಿತು ಎಂಬಲ್ಲಿ
"ಚೀಲ ಬದಲಿಸುವಾಗ" ಎಂದಷ್ಟೇ ಬರೆದೆ.

ಮಷಿನ್ ಕಣ್ಣು ತೆರೆಯಿತು.
ಗಾಳಿ ಟಪಟಪ, ಬೇಳೆ ಹಳದಿಯಾಗಿ ಸುರಿಯಿತು.
ಜಗದೇವಿ ಏನೂ ಇರದ ಮೊರವನ್ನು
ಅಭ್ಯಾಸಕ್ಕೆ ಒಮ್ಮೆ ಕೊಡವಿ ಎದ್ದಳು.

ಲಾಡ್ಲೇಸಾಬ ಹಾಜರಿ ಬುಕ್ಕು ತೆರೆದು
ಪೆನ್ನು ಕಿವಿಯಿಂದ ತೆಗೆದ.
ಅವಳ ಮನೆಯಲ್ಲಿ
ಸೊನ್ನೆ ಬರೀಲೋ, ಹಂಗೇ ಖಾಲಿ ಬಿಡಲೋ,
ಎರಡೂ ಒಂದೇ ಏನು ಸರ
ಎಂದು ನನ್ನ ಕೇಳಿದ.