ಕಾಲರು ಹದಿನಾಲ್ಕೂವರೆ

ಮನಾಮದ ಹಳೆ ಸೂಕಿನಲ್ಲಿ, ಚಿನ್ನದಂಗಡಿಗಳ ಹಿಂಬದಿ,
ಏಸಿ ನೀರು ತೊಟ್ಟಿಕ್ಕುವ ಓಣಿಯಲ್ಲಿ ನನ್ನ ಮಿಷನ್ನು.
ಅಳತೆ ಪುಸ್ತಕ ಹನ್ನೊಂದು ಮುಗಿದಿವೆ.
ಒಂದನ್ನೂ ಎಸೆದಿಲ್ಲ. ಸತ್ತವರ ಸೊಂಟವೂ ಅದರಲ್ಲುಂಟು.

ಎಂಬತ್ತೊಂಬತ್ತು, ಡಿಸೆಂಬರ್:
ಕೂಸಪ್ಪ ಮರಕಾಲ, ಶಾಸಕರು, ಹೊಸಬರು.
ಕಾಲರು ಹದಿನಾಲ್ಕೂವರೆ, ಎದೆ ಮೂವತ್ತನಾಲ್ಕು,
ಉಸಿರು ಬಿಗಿಹಿಡಿದರೆ ಮೂವತ್ತೈದು.
ಕಡಲು ಶಾಲೆಯ ಅಂಗಳಕ್ಕೆ ಬಂದಿದೆ, ಕಲ್ಲು ಹಾಕಿಸಬೇಕು
ಎಂದು ಚಂದಾ ಎತ್ತಲು ಬಂದವರು.
ಎರಡು ಬಿಳಿ ಜುಬ್ಬ. "ಜೇಬು ಆಳ ಇರಲಿ ಮಾರಾಯ,
ಅರ್ಜಿ ಮಡಚದೆ ಹಿಡಿಸಬೇಕು."
ನಾನೂ ಕೊಟ್ಟೆ ಹತ್ತು ದಿನಾರು.
ಹೊಲಿಗೆಯ ದುಡ್ಡು ಬೇಡವೆಂದರೂ ಎಣಿಸಿಟ್ಟು ಹೋದರು.

ತೊಂಬತ್ತೈದು: ಎದೆ ಮೂವತ್ತೆಂಟು.
ಎರಡು ಸಾವಿರ: ನಲವತ್ತೆರಡು, ಸೊಂಟ ಅದಕ್ಕಿಂತ ಒಂದು ಮೇಲೆ,
ಮಂತ್ರಿ. ಅಂಗಡಿಗೆ ಬರಲಿಲ್ಲ, ಹೋಟೆಲಿಗೆ ಕರೆಸಿದರು.
ಟೇಪು ಸುತ್ತುವಷ್ಟರಲ್ಲಿ ಮೂರು ಫೋನು,
ಮೂರಕ್ಕೂ "ನೋಡುವ" ಅಂದರು.
ಆ ಮಂತ್ರಿಗಿರಿ ಹನ್ನೊಂದು ತಿಂಗಳು.
ಜುಬ್ಬದ ಬಟ್ಟೆ ಅದಕ್ಕಿಂತ ಬಾಳಿತು.

ಕಲ್ಲಿನ ವಿಷಯ:
ಬಿಲ್ಲಿನಲ್ಲಿ ನಲವತ್ತು ಲಾರಿ. ರಜೆಯಲ್ಲಿ ಹೋದಾಗ
ದಂಡೆಯುದ್ದ ನಡೆದು ನೋಡಿದೆ. ದರ್ಜಿಯ ಕಣ್ಣು, ತಪ್ಪುವುದು ಕಡಿಮೆ.
ಹನ್ನೆರಡು ಲಾರಿಯ ಕಲ್ಲೂ ಇಲ್ಲ.
ಶಾಲೆಯ ಗಂಟೆ ಈಗ ಪಂಚಾಯತಿನ ಕಪಾಟಿನಲ್ಲಿ.
ಕೇಳಬೇಕೆಂದಿದ್ದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು
ಕೇಳುವುದು ಹೇಗೆ?

ಲಾರೆನ್ಸನ ವಿಷಯವೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ.
ಸಿತ್ರಾದಲ್ಲಿ ಸಾರುವೆಯಿಂದ ಬಿದ್ದ ಹುಡುಗ.
ಆಸ್ಪತ್ರೆಯ ತಣ್ಣನೆ ಖಾನೆಯಲ್ಲಿ ಹತ್ತೊಂಬತ್ತು ದಿನ,
ಕಂಪೆನಿ ಸಹಿ ಹಾಕದು, ಅರ್ಬಾಬನ ಸುಳಿವಿಲ್ಲ.
ಆಗ ಮರಕಾಲರು ಸೋತು ಮನೆಯಲ್ಲಿದ್ದರು.
ಅಲ್ಲಿಯ ರಾತ್ರಿ ಎರಡಕ್ಕೆ ಫೋನು; ಅವರೇ ಎತ್ತಿದರು.
"ಹೆಸರು ಹೇಳು. ಅಪ್ಪನ ಹೆಸರು. ಪಾಸ್‌ಪೋರ್ಟ್ ನಂಬರು ಮೆಲ್ಲ ಹೇಳು,
ಕನ್ನಡಕ ಸಿಗ್ತಾ ಇಲ್ಲ, ದೊಡ್ಡಕ್ಕೆ ಬರೀತಿದ್ದೇನೆ."
ಯಾರ ಬಾಗಿಲು ಬಡಿದರೋ, ಯಾರ ಕಾಲು ಹಿಡಿದರೋ,
ಇಪ್ಪತ್ತೆರಡನೆ ದಿನ ಪೆಟ್ಟಿಗೆ ವಿಮಾನ ಹತ್ತಿತು.
ಅದಕ್ಕೆ ಫಲಕವಿಲ್ಲ, ಶಿಲಾನ್ಯಾಸವಿಲ್ಲ,
ನನ್ನ ಪುಸ್ತಕದಲ್ಲಿ ಆ ವರ್ಷಕ್ಕೆ ಅವರ ಹಾಳೆಯೇ ಇಲ್ಲ.

ಮತ್ತೆ ಗೆದ್ದರು. ಪಕ್ಷ ಬೇರೆ, ಶಾಲು ಬೇರೆ,
ಒಳಗಿನ ಜುಬ್ಬ ನನ್ನದೇ.
"ನನ್ನ ಓಟು ಯಾರೋ ಹಾಕಿದ್ದಾರಂತೆ ಮರಕಾಲರೇ,
ನಾನು ಇಲ್ಲಿ, ಶಾಯಿ ಅಲ್ಲಿ ಯಾರದೋ ಬೆರಳಿಗೆ."
ನಕ್ಕರು. "ಹೆದರಬೇಡ ಬಾಬು, ನನಗೇ ಹಾಕಿದ್ದಾರೆ."
ನಾನೂ ನಕ್ಕೆ. ಕತ್ತರಿ ಮಾತ್ರ ಗೆರೆ ಬಿಟ್ಟು ಹೊರಗೆ ಹೋಯಿತು.

ಈ ಜನವರಿಯಲ್ಲಿ ಒಬ್ಬರೇ ಬಂದರು, ಎರಡು ಓಣಿ ತಪ್ಪಿ.
ಗುದೈಬಿಯಾದಲ್ಲಿ ಮಗಳ ಮನೆ, ಮೊಮ್ಮಗಳ ಹುಟ್ಟುಹಬ್ಬ.
ಟಿಕೆಟ್ ಕೊಟ್ಟಿಲ್ಲ. ಸಂಘದವರಿಗೆ ಗೊತ್ತಿಲ್ಲ, ಹಾರವಿಲ್ಲ.
ಎದೆ ಮೂವತ್ತೈದು. ಉಸಿರು ಬಿಗಿಹಿಡಿಯಲು ಹೇಳಲಿಲ್ಲ.
ಕಾಲರು, ಮೊದಲ ಪುಸ್ತಕ ತೆಗೆದು ನೋಡಿದೆ, ಹದಿನಾಲ್ಕೂವರೆ.
"ಜೇಬು?" ಎಂದೆ.
"ಬೇಡ. ಈಗ ಅರ್ಜಿ ಯಾರು ಕೊಡ್ತಾರೆ?"
ಚಾ ಬಂತು. ಕೆನೆ ಕಟ್ಟಿತು.
"ಆ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದರು, ನೆನಪುಂಟಾ ನಿನಗೆ?"
ನೆನಪಿತ್ತು. ಹೇಳಲಿಲ್ಲ. ಅವರಿಗೂ ನೆನಪಿತ್ತು.

ಆಮೇಲೆ: "ನಿನ್ನ ಅಳತೆ ಯಾರು ತೆಗೆದದ್ದು, ಬಾಬು?"
ಯಾರೂ ಇಲ್ಲ, ಅಂದೆ. ರೆಡಿಮೇಡ್ ಹಾಕುತ್ತೇನೆ.
ಎದ್ದರು. ನನ್ನ ಕೊರಳಿನ ಟೇಪು ಎಳೆದು ತೆಗೆದರು.
ನಡುಗುವ ಕೈ ಕಂಕುಳ ಕೆಳಗೆ ಸುತ್ತಿ ಬಂತು,
ಟೇಪು ತಿರುಗುಮುರುಗು, ಇಂಚು ಒಳಗೆ, ಸೆಂಟಿಮೀಟರು ಹೊರಗೆ.
"ತೊಂಬತ್ತೆರಡು!" ಎಂದು ಕೂಗಿದರು,
ಎಣಿಕೆಯ ಕೋಣೆಯಿಂದ ಗೇಟಿನಾಚೆ ಕಾದವರಿಗೆ ಕೂಗುವ ಹಾಗೆ.

ತಿದ್ದಲಿಲ್ಲ. ಹನ್ನೆರಡನೆ ಪುಸ್ತಕ, ಹೊಸ ಹಾಳೆ:
ಬಾಬು ಬೆಳ್ಚಡ, ದರ್ಜಿ. ಎದೆ ತೊಂಬತ್ತೆರಡು.
ಜುಬ್ಬ ಗುರುವಾರಕ್ಕೆ, ಎಂದೆ.